ಬಂಡಿದಾರಿಯೇ ಒಡ್ಡಾದಾಗ: ಹಳ್ಳಿ ರಸ್ತೆಯೂ ಕೆರೆಯ ನೀರೂ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬೀಳುವುದು ಸುಮಾರು 700 ಮಿ.ಮೀ. ಮಳೆ. ಅದನ್ನು ಹಿಡಿಯುವುದು ಸರಪಳಿ ಕೆರೆಗಳು: ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯಬೇಕು. ರಸ್ತೆಯಿಂದ ಪರಿಸರಕ್ಕೆ ಹಾನಿ ಎಂದರೆ ಕಡಿದ ಹೊಂಗೆ, ಹುಣಸೆ ಮರಗಳೇ ಮೊದಲು ನೆನಪಾಗುತ್ತವೆ. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹಾನಿ ನೀರಿನ ದಾರಿಗೆ ಆಗಿದೆ.

ಹಿಂದಿನ ಬಂಡಿದಾರಿ ಹಳ್ಳ ಸಿಕ್ಕಲ್ಲಿ ಹಳ್ಳಕ್ಕೇ ಇಳಿದು ಆಚೆ ದಡ ಹತ್ತುತ್ತಿತ್ತು. ಜೋರು ಮಳೆಗೆ ಒಂದೆರಡು ಗಂಟೆ ಸಂಚಾರ ನಿಲ್ಲುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದಾಗ ಬಯಲುಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿರುವ ಊರಿಗೆಲ್ಲ ಸರ್ವಋತು ರಸ್ತೆ ಎಂಬ ಗುರಿ ಬಂತು. ಆದರೆ ಜಮೀನು ಕೊಳ್ಳಲು ಯೋಜನೆಯಲ್ಲಿ ದುಡ್ಡಿಲ್ಲ. ಹಾಗಾಗಿ ಹೊಸ ರಸ್ತೆ ಗ್ರಾಮ ನಕಾಶೆಯಲ್ಲಿ ಗುರುತಿಸಿದ ಹಳೆಯ ದಾರಿಯ ಮೇಲೇ ಕೂತಿತು. ಆ ದಾರಿಯೋ, ಎಷ್ಟೋ ಕಡೆ ಸಾಗುವಳಿಗೆ ಬಾರದ ಖರಾಬು ಹಳ್ಳದ ಪಕ್ಕದ್ದು, ಕೆಲವು ಕಡೆ ಮಳೆಗಾಲದ ಹಳ್ಳವೇ. ಅದರ ಮೇಲೆ 7.5 ಮೀಟರ್ ಅಗಲಕ್ಕೆ ಮಣ್ಣು ಏರಿಸಿ, ನಡುವೆ 3.75 ಮೀಟರ್ ಡಾಂಬರು ಹಾಕಿದರೆ ಆಗುವುದು ರಸ್ತೆಯಷ್ಟೇ ಅಲ್ಲ, ಒಡ್ಡು ಕೂಡ.

ಒಡ್ಡಿನಲ್ಲಿ ನೀರು ದಾಟುವುದು ಮೋರಿಯಿಂದ. ತಪ್ಪಾಗುವುದೂ ಅಲ್ಲೇ. 600 ಮಿ.ಮೀ. ಪೈಪಿನ ಬಾಯಿ 0.28 ಚದರ ಮೀಟರ್, 1,000 ಮಿ.ಮೀ. ಪೈಪಿನದು 0.79. ‘ದೊಡ್ಡದೊಂದರ ಬದಲು ಚಿಕ್ಕವೆರಡು’ ಎಂಬ ಲೆಕ್ಕ ಇಲ್ಲಿ ಕೂಡುವುದಿಲ್ಲ, ಎರಡೂ ಸೇರಿ 0.57 ಅಷ್ಟೇ. ಚಿಕ್ಕ ಪೈಪಿಗೆ ಜಾಲಿ ಮುಳ್ಳಿನ ಒಂದು ಕೊಂಬೆ ಸಾಕು ಕಟ್ಟಿಕೊಳ್ಳಲು, ಒಳಗೆ ಆಳು ನುಗ್ಗಿ ತೆಗೆಯಲೂ ಆಗದು. ಹಾಗಾದರೆ ದೊಡ್ಡದನ್ನೇ ಯಾಕೆ ಹಾಕುವುದಿಲ್ಲ? ಎತ್ತರದ ತಾಪತ್ರಯ. 1,000 ಮಿ.ಮೀ. ಪೈಪು, ಅದರ 115 ಮಿ.ಮೀ. ದಪ್ಪ, ಮೇಲೆ 600 ಮಿ.ಮೀ. ಮಣ್ಣು ಸೇರಿದರೆ ಹಳ್ಳದ ತಳದಿಂದ ರಸ್ತೆ 1.7 ಮೀಟರಿನಷ್ಟು ಮೇಲೆ ಬರಬೇಕು. ಅಷ್ಟು ಆಳವಿಲ್ಲದ ಕಡೆ ಪೈಪನ್ನು ತಳಕ್ಕಿಂತ ಕೆಳಗೆ ಹೂತುಬಿಡುತ್ತಾರೆ; ಮೊದಲ ಮಳೆಗೇ ಮರಳು ತುಂಬುತ್ತದೆ. ಅಂಥ ಜಾಗಕ್ಕೆ ಸರಿ ಹೊಂದುವುದು ಎರಡು ಗೋಡೆಗಳ ಮೇಲೆ ಚಪ್ಪಡಿ ಹಾಸಿದ ಮೋರಿ, ಅದಕ್ಕೆ ಮೇಲೆ ಮಣ್ಣಿನ ಹೊದಿಕೆ ಬೇಕಿಲ್ಲ. ಇನ್ನೂ ಚಪ್ಪಟೆ ಇದ್ದರೆ ಹಳೆಯ ಬಂಡಿದಾರಿಯ ಉಪಾಯವೇ ವಾಸಿ: ನೀರು ಮೇಲೆ ಹರಿದು ಹೋಗುವಂತೆ ತಗ್ಗಿಸಿ ಹಾಕಿದ ಕಾಂಕ್ರೀಟ್ ಪಟ್ಟಿ.

ನೀರು ಹೊರಬೀಳುವ ಕಡೆ ಕಲ್ಲು ಹಾಸಿ, ಅದರ ಅಂಚಿಗೆ ಭೂಮಿಯೊಳಕ್ಕೆ ಇಳಿದ ತಡೆಗೋಡೆ ಕಟ್ಟದಿದ್ದರೆ ಇಲ್ಲಿನ ಕೆಂಪು ಮಣ್ಣು ತಡೆಯದು. ಹೊಲದ ಉದ್ದಕ್ಕೂ ತೆಳ್ಳಗೆ ಹರಡಿ ಬರುತ್ತಿದ್ದ ನೀರೆಲ್ಲ ಒಂದೇ ಪೈಪಿಗೆ ಕೂಡಿಕೊಂಡು ರಭಸದಿಂದ ಬಿದ್ದು ಕೆಳಗಿನವರ ರಾಗಿ ಹೊಲದಲ್ಲಿ ಕೊರಕಲು ಕೊರೆಯುತ್ತದೆ. ಆ ರೈತ ಮುಂದಿನ ವರ್ಷ ಮೋರಿಗೇ ಮಣ್ಣು ಮುಚ್ಚುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು ಅಪಾಯದ ಜಾಗ ಕೆರೆ ಕೋಡಿ. ಕೋಡಿಯ ಕೆಳಗೆ ಹಾದ ರಸ್ತೆಯ ಕಿಂಡಿಗಳು ಕಸದಿಂದ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ಕೆರೆಯ ಏರಿಯ ಮೇಲೆ ಭಾರ ಬೀಳುತ್ತದೆ. ಬರಗಾಲದ ವರ್ಷಗಳಲ್ಲಿ ಇದು ಯಾರ ಕಣ್ಣಿಗೂ ಬೀಳದು. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷಗಳಿಂದ ಬತ್ತಿದ್ದ ಕೆರೆಗಳು ಕೋಡಿ ಬಿದ್ದಾಗ ಈ ಜಿಲ್ಲೆಗಳ ರಸ್ತೆಗಳು ಕೊಚ್ಚಿಹೋದವು.

ಹೊಣೆ ಹಂಚಿಹೋಗಿರುವುದೂ ಕಾರಣ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಯದು, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು, ರಾಜಕಾಲುವೆಯ ಒತ್ತುವರಿ ಅಳೆಯುವವರು ಕಂದಾಯದವರು, ರಸ್ತೆ ಎಂಜಿನಿಯರ್ ಬೇರೆ. ಹಿಂದೆ ಕೆರೆ ನೀರು ನೋಡಿಕೊಳ್ಳಲು, ಅದು ಬರುವ ಹೊತ್ತನ್ನೂ ದಾರಿಯನ್ನೂ ಬಲ್ಲ ನೀರಗಂಟಿ ಇದ್ದ.

ಮಣ್ಣಿನ ವಿಷಯ. ಒಂದು ಕಿಲೋಮೀಟರಿಗೆ ಮೇಲಿನ 300 ಮಿ.ಮೀ. ಪದರಕ್ಕೇ 2,250 ಘನ ಮೀಟರ್ ಗರಸು (ಸಣ್ಣ ಕಲ್ಲು ಬೆರೆತ) ಮಣ್ಣು ಬೇಕು. ಸಾಗುವಳಿ ಜಮೀನಿನಿಂದ ತೆಗೆಯುವುದಾದರೆ ಮೇಲಿನ 15 ಸೆಂ.ಮೀ. ಫಲವತ್ತಾದ ಮಣ್ಣನ್ನು ಬೇರೆ ರಾಶಿ ಹಾಕಿ, ಅಗೆದಾದ ಮೇಲೆ ಮತ್ತೆ ಹರಡಬೇಕು. ಒಟ್ಟು ಆಳ 45 ಸೆಂ.ಮೀ. ದಾಟಬಾರದು. ಕೆರೆಯ ಹೂಳು ರಸ್ತೆಯ ತಳಕ್ಕೆ ಬಾರದು, ಜೇಡಿ ಜಾಸ್ತಿ. ಅದರ ಜಾಗ ಹೊಲ. ‘ಹೂಳೆತ್ತುತ್ತೇವೆ’ ಎಂದು ಏರಿಯ ಬುಡದಲ್ಲೇ ಗರಸು ಸಿಗುವವರೆಗೆ ಅಗೆಯುವುದು ಏರಿಗೇ ಕುತ್ತು. 2020ರ ಮಾರ್ಚ್‌ನಲ್ಲಿ ರಸ್ತೆಯಂಥ ಉದ್ದನೆಯ ಕಾಮಗಾರಿಗಳ ಮಣ್ಣಿಗೆ ಪರಿಸರ ಅನುಮತಿ ಬೇಡವೆಂದು ಕೇಂದ್ರ ಕೊಟ್ಟಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದುಮಾಡಿತು.

ಅದೇ ಪದರವನ್ನು ರೋಲರ್ ಹೊಡೆದು ಗಟ್ಟಿ ಮಾಡಲು ಶೇ 5ರಷ್ಟು ತೇವ ಸೇರಿಸಬೇಕಾದರೂ ಕಿಲೋಮೀಟರಿಗೆ ಸುಮಾರು 2 ಲಕ್ಷ ಲೀಟರ್ ನೀರು, ಅಂದರೆ 5,000 ಲೀಟರಿನ 40 ಟ್ಯಾಂಕರ್. ಕೊಳವೆಬಾವಿಯಿಂದ ಇದನ್ನು ಎತ್ತುವ ಬದಲು ಮಳೆ ನಿಂತ ಕೂಡಲೇ, ಮಣ್ಣಿನಲ್ಲಿ ಹಸಿ ಇರುವಾಗ ಈ ಕೆಲಸ ಇಟ್ಟುಕೊಂಡರೆ ನೀರು ಉಳಿಯುತ್ತದೆ.

ಮರಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಕಡಿಯುವ ಮೊದಲು ಅರಣ್ಯಾಧಿಕಾರಿಯ ಅನುಮತಿ ಬೇಕು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರು ಹುಲಿಕಲ್ ದಾರಿಯಲ್ಲಿ ಬೆಳೆಸಿದ ಆಲಗಳಿಗೆ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಕುತ್ತು ಬಂದಾಗ ಸುದ್ದಿಯಾಯಿತು. ರಾಜಕಾಲುವೆಗೆ ಆ ಭಾಗ್ಯವಿಲ್ಲ.

ಗ್ರಾಮ ಸಡಕ್ ಯೋಜನೆಯ ನಿಯಮದಲ್ಲೇ ಒಂದು ಒಳ್ಳೆಯ ಹೆಜ್ಜೆ ಇದೆ: ಅಂದಾಜುಪಟ್ಟಿಗೆ ಮೊದಲು ಎಂಜಿನಿಯರ್, ಪಂಚಾಯತಿಯವರು, ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗ), ಊರಿನವರು ಸೇರಿ ದಾರಿಯುದ್ದಕ್ಕೂ ನಡೆದು ನೋಡಬೇಕು. ಬೇಸಿಗೆಯಲ್ಲಿ ಒಮ್ಮೆ ನಡೆದರೆ ಒಣ ಹಳ್ಳ ಮಾತ್ರ ಕಾಣುತ್ತದೆ. ಮಳೆ ಬಂದ ಮಾರನೆಯ ದಿನ ಇನ್ನೊಮ್ಮೆ ನಡೆದು, ಕಸ ಸಿಕ್ಕಿಕೊಂಡ ಗುರುತು ಬೇಲಿಯಲ್ಲಿ ಎಷ್ಟು ಎತ್ತರಕ್ಕಿದೆ ಎಂದು ಅಳೆಯಬೇಕು, ಮೋರಿಯ ಜಾಗಗಳನ್ನು ಗ್ರಾಮ ನಕಾಶೆಯ ಹಳ್ಳಗಳೊಂದಿಗೆ ತಾಳೆ ನೋಡಬೇಕು. ಹಳ್ಳ ಓರೆಯಾಗಿ ದಾಟಿದರೆ ಮೋರಿಯೂ ಓರೆಯಾಗಿಯೇ ಇರಲಿ. ಗುತ್ತಿಗೆದಾರನ 5 ವರ್ಷದ ನಿರ್ವಹಣೆ ಎಂದರೆ ಗುಂಡಿ ಮುಚ್ಚುವುದಷ್ಟೇ ಅಲ್ಲ: ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ, ಹಿಂಗಾರಿಗೆ ಮುಂಚೆ ಸೆಪ್ಟೆಂಬರ್ ಕೊನೆಗೆ, ಪ್ರತಿ ಮೋರಿಯ ಎರಡೂ ಬಾಯಿ ಬಿಡಿಸಿ ಪಂಚಾಯತಿಗೆ ತೋರಿಸಿದ ಮೇಲೇ ಬಿಲ್ ಪಾವತಿಸಬೇಕು.