ಕೈ ಓಡಲ್ಲ ಅನ್ನುವವರಿಗೆ

ಮೈಸೂರಿನಲ್ಲಿ ಚಿತ್ರಕಲೆ ಕಲಿಸುವ ನನ್ನ ಬಳಿ ಬರುವ ದೊಡ್ಡವರಲ್ಲಿ ಹೆಚ್ಚಿನವರು ಕೂರುವ ಮೊದಲೇ ಹೇಳಿಬಿಡುತ್ತಾರೆ: “ನಂಗೆ ಕೈ ಓಡಲ್ಲ ಮಿಸ್. ಅದೆಲ್ಲ ಹುಟ್ಟಿನಿಂದ್ಲೇ ಬರ್ಬೇಕು.” ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಅವರು ಅದನ್ನು ಪೂರ್ತಿ ನಂಬಿರುತ್ತಾರೆ ಅನ್ನುವುದೇ ನನ್ನ ಸಂಕಟ.

ಮಂಡ್ಯ ಕಡೆಯ ತಾಯಿಯೊಬ್ಬರು ಮಗಳನ್ನು ತರಗತಿಗೆ ಬಿಟ್ಟು ಹೊರಗೇ ಕೂರುತ್ತಿದ್ದರು. ನೀವೂ ಬನ್ನಿ ಅಂದರೆ, “ಅಯ್ಯೋ, ನಮ್ಗೆಲ್ಲಿ ಬತ್ತದೆ ಬುಡಿ ಮಿಸ್ಸು.” ಆ ದಸರೆಯಲ್ಲಿ ಅವರ ಮನೆಗೆ ಗೊಂಬೆ ನೋಡಲು ಹೋದೆ. ಪಟ್ಟದ ಗೊಂಬೆಗಳು ಪದ್ಧತಿಯಂತೆ ಮೇಲಿನ ಮೆಟ್ಟಿಲಲ್ಲಿದ್ದವು. ಕೆಳಗೆ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಗದ್ದೆ ಮಾಡಿದ್ದರು. ಒಂದು ಮೂಲೆಯಲ್ಲಿ ರಾಗಿ ಹುಟ್ಟಿರಲಿಲ್ಲ. ಅಲ್ಲಿ ತೆಂಗಿನಗರಿಯ ಪುಟ್ಟ ಚಪ್ಪರ ಹಾಕಿ, ಬೆಲ್ಲದ ಚೂರು ಜೋಡಿಸಿ, ಆಲೆಮನೆ ಎಬ್ಬಿಸಿದ್ದರು! “ಬೋಳಾಗಿ ಕಾಣ್ತಿತ್ತು, ಅದ್ಕೇ” ಅಂದರು.

ನಾನು ಹೇಳುವುದೆಲ್ಲ ಆ ಬೋಳು ಮೂಲೆಯ ಬಗ್ಗೆಯೇ. ಕೊರೆ ಕಣ್ಣಿಗೆ ಬಿತ್ತು, ಮನೆಯಲ್ಲಿ ಏನಿದೆ ನೋಡಿದರು, ಯಾರನ್ನೂ ಕೇಳದೆ ತೀರ್ಮಾನ ಮಾಡಿದರು. ಸೃಜನಶೀಲತೆ ಅಂದರೆ ಇಷ್ಟೇ. ಚಿತ್ರ ಬರೆಯುವುದಲ್ಲ, ನಾಲ್ಕು ಜನ ಮೆಚ್ಚುವುದಲ್ಲ, ಗೋಡೆಗೆ ನೇತುಹಾಕುವ ವಸ್ತುವಂತೂ ಅಲ್ಲವೇ ಅಲ್ಲ. ಸಣ್ಣ ವಿಷಯದಲ್ಲೂ ನೀವೇ ನೋಡಿ, ನೀವೇ ನಿರ್ಧರಿಸುವುದು. ನಿನ್ನೆಯ ಅನ್ನಕ್ಕೆ ಏನು ಗತಿ ಕಾಣಿಸುತ್ತೀರಿ ಅನ್ನುವುದೂ ಇದರಲ್ಲೇ ಸೇರಿತು.

ರಂಗೋಲಿಯನ್ನೇ ತೆಗೆದುಕೊಳ್ಳಿ. ಸಂದುಚುಕ್ಕಿ (ಒಂದು ಸಾಲಿನ ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡುವುದು) 7ರಿಂದ 4 ಅಂದರೆ ನಡುವಿನ ಸಾಲಿಗೆ 7, ಎರಡೂ ಬದಿಗೆ 6, 5, 4, ಒಟ್ಟು 37 ಚುಕ್ಕಿ. ಅದು ಎಲ್ಲರಿಗೂ ಒಂದೇ ಲೆಕ್ಕ. ಗೆರೆ ಎತ್ತ ತಿರುಗಬೇಕು ಅನ್ನುವುದು ನಿಮ್ಮದು. ಈಗ ಅದನ್ನೂ ಮೊಬೈಲ್ ಹೇಳುತ್ತಿದೆ. ನೋಡಿ ಬರೆಯುವುದು ತಪ್ಪಲ್ಲ, ಎಲ್ಲರೂ ಹಾಗೇ ಕಲಿಯುವುದು. ಆದರೆ ಅರ್ಧಕ್ಕೆ ಮೊಬೈಲ್ ಒಳಗಿಟ್ಟು ಬನ್ನಿ, ಉಳಿದರ್ಧ ನೀವೇ ಎಳೆಯಿರಿ. ಕೆಟ್ಟರೆ ಕೆಡಲಿ. ಹೇಗೂ ನಾಳೆ ಬೆಳಗ್ಗೆ ಗುಡಿಸಿ ಸಾರಿಸುವ ಬಾಗಿಲು ತಾನೇ?

ಪರಿಣತಿಯ ಮಾತು ಬೇರೆ. ಮೈಸೂರು ಶೈಲಿಯ ಚಿತ್ರದಲ್ಲಿ ಗೆಸ್ಸೋ ಅನ್ನುವ ಅಂಟಿನ ಲೇಪ ಹಚ್ಚಿ ಸಣ್ಣಗೆ ಉಬ್ಬಿಸಿ, ಮೇಲೆ ತೆಳ್ಳನೆಯ ಚಿನ್ನದ ರೇಕು ಕೂರಿಸಲು ಗುರುಗಳ ಬಳಿ ವರ್ಷಗಟ್ಟಲೆ ಕೂರಬೇಕು. ಅದಕ್ಕೆ ಅಡ್ಡದಾರಿ ಇದೆ ಎಂದು ನಾನು ಹೇಳುತ್ತಿಲ್ಲ.

ಇನ್ನೊಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವವರು ಬಣ್ಣದಿಂದ ಎಲ್ಲ ಸರಿಹೋಗುತ್ತದೆಂದು ಕಾಯಬಾರದು, ವೈದ್ಯರನ್ನು ಕಾಣಬೇಕು. ಅಂಥವರು ಬಂದರೆ ನಾನೂ ಮೊದಲು ಅಲ್ಲಿಗೇ ಕಳಿಸುತ್ತೇನೆ.