‘ನೀರು ಕಮ್ಮಿ ಇದೆ’ ಅಂದರೆ ಏನು? ಎಎಫ್‌ಐ ಎಂಬ ಸಂಖ್ಯೆಯ ಅರ್ಥ

ಬಸುರಿಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಎಎಫ್‌ಐ 6’ ಅಂತ ಬರೆದಿರುತ್ತದೆ. ಡಾಕ್ಟರು ‘ಲಿಕ್ಕರ್ ಸ್ವಲ್ಪ ಕಮ್ಮಿ ಇದೆ’ ಅಂತಾರೆ. ಗಾಬರಿ ಬೇಡ, ಆಸ್ಪತ್ರೆಯ ಮಾತಿನಲ್ಲಿ ಲಿಕ್ಕರ್ ಅಂದರೆ ಗರ್ಭದ ನೀರು. ಮನೆಗೆ ಬಂದರೆ ಅತ್ತೆಯೋ ಅಮ್ಮನೋ ತೀರ್ಪು ಕೊಟ್ಟೇಬಿಡುತ್ತಾರೆ: ‘ನೀನು ನೀರೇ ಸರಿಯಾಗಿ ಕುಡಿಯಲ್ಲ, ಅದಕ್ಕೇ ಹಿಂಗಾಗಿರೋದು.’ ಈ ತೀರ್ಪು ಬಹಳ ಸಲ ತಪ್ಪು.

ಮಗುವಿನ ಸುತ್ತ ಇರುವ ಈ ನೀರು ಆಮ್ನಿಯಾಟಿಕ್ ದ್ರವ. ಅದು ಇರಬೇಕಾದದ್ದಕ್ಕಿಂತ ಕಡಿಮೆಯಾದರೆ ವೈದ್ಯರು ಆಲಿಗೋಹೈಡ್ರಾಮ್ನಿಯಾಸ್ ಅನ್ನುತ್ತಾರೆ. ಮಗು ಕೈಕಾಲು ಆಡಿಸಲು, ಹೊಕ್ಕುಳಬಳ್ಳಿ ಒತ್ತಿಹೋಗದೆ ಇರಲು, ಶ್ವಾಸಕೋಶ ಬೆಳೆಯಲು ಈ ನೀರು ಬೇಕು. 34ರಿಂದ 36ನೇ ವಾರದ ಹೊತ್ತಿಗೆ ಸುಮಾರು 800 ಮಿಲಿಲೀಟರ್ ಇರುತ್ತದೆ. ಆಮೇಲೆ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ.

ಈ ನೀರು ಬರುವುದು ಎಲ್ಲಿಂದ? ಮೊದಲ ತಿಂಗಳುಗಳಲ್ಲಿ ತಾಯಿಯ ರಕ್ತದಿಂದ ಇಳಿದು ಬರುತ್ತದೆ, ನಿಜ. ಐದನೇ ತಿಂಗಳ ಹೊತ್ತಿಗೆ ಅದರಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರವೇ! ಮಗು ಆ ನೀರನ್ನು ನುಂಗುತ್ತದೆ, ಮತ್ತೆ ಉಚ್ಚೆ ಹೊಯ್ಯುತ್ತದೆ. ಕೇಳಲು ಒಂಥರಾ ಅನಿಸಬಹುದು, ಆದರೆ ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ತಾಯಿ ಕುಡಿದ ನೀರು ಟ್ಯಾಂಕಿಗೆ ಬಿಟ್ಟ ಹಾಗೆ ನೇರವಾಗಿ ಗರ್ಭಕ್ಕೆ ಹೋಗುವುದಿಲ್ಲ. ಅದು ತಾಯಿಯ ರಕ್ತಕ್ಕೆ ಸೇರಿ, ಮಾಸಿನ (ಪ್ಲಾಸೆಂಟಾ) ಮೂಲಕ ಮಗುವಿಗೆ ದಾಟಿ, ಮಗುವಿನ ಕಿಡ್ನಿಯಿಂದ ಹೊರಬರಬೇಕು.

ಮಾಸು ಸರಿಯಾಗಿ ಕೆಲಸ ಮಾಡದಿದ್ದರೆ ಮಗು ಜಾಣತನ ತೋರಿಸುತ್ತದೆ. ಬರುವ ರಕ್ತವನ್ನು ಮೊದಲು ಮೆದುಳಿಗೆ, ಹೃದಯಕ್ಕೆ ಕಳಿಸಿ, ಕಿಡ್ನಿಗೆ ಕಡಿಮೆ ಮಾಡುತ್ತದೆ. ಮೂತ್ರ ಕಮ್ಮಿಯಾಗುತ್ತದೆ, ಅದರ ಜೊತೆ ಗರ್ಭದ ನೀರೂ ಇಳಿಯುತ್ತದೆ. ತಾಯಿಗೆ ಬಿಪಿ ಜಾಸ್ತಿ ಇದ್ದಾಗ, ಮಗುವಿನ ತೂಕ ಸರಿಯಾಗಿ ಏರದಿದ್ದಾಗ ಆಗುವುದು ಬಹುಪಾಲು ಇದೇ. ಅಂಥ ಹೊತ್ತಲ್ಲಿ ಎಳನೀರಿನ ಮೇಲೆ ಎಳನೀರು ಕುಡಿಸಿ ಏನು ಪ್ರಯೋಜನ?

ಬೇರೆ ಕಾರಣಗಳೂ ಇವೆ. ನೀರಿನ ಚೀಲ ತೂತಾಗಿ ಸೋರುತ್ತಿರಬಹುದು. ಮಗುವಿನ ಕಿಡ್ನಿ ಬೆಳೆಯದೆ ಇರಬಹುದು, ಇಲ್ಲವೇ ಮೂತ್ರದ ದಾರಿಯಲ್ಲಿ ಅಡ್ಡಿ ಇರಬಹುದು. ದಿನ ತುಂಬಿ ಮುಂದಕ್ಕೆ ಹೋಗಿರಬಹುದು. ಕೆಲವು ಮಾತ್ರೆಗಳೂ ನೀರು ಇಳಿಸುತ್ತವೆ. ಎನಾಲಾಪ್ರಿಲ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆಗಳನ್ನು ಬಸುರಿಯರಿಗೆ ಕೊಡುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳನ್ನು 20 ವಾರದ ನಂತರ ತಪ್ಪಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಸೊಂಟನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತಗೊಳ್ಳುವುದು ಇವನ್ನೇ ಅಲ್ವಾ?

ಇನ್ನು ಆ ಸಂಖ್ಯೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು, ಪ್ರತಿ ಭಾಗದಲ್ಲೂ ನೀರು ಎಷ್ಟು ಸೆಂಟಿಮೀಟರ್ ಆಳ ಇದೆ ಎಂದು ಅಳೆದು ಕೂಡಿದರೆ ಬರುವುದೇ ಎಎಫ್‌ಐ. 5ಕ್ಕಿಂತ ಕಡಿಮೆ ಇದ್ದರೆ ನೀರು ಕಮ್ಮಿ, 5ರಿಂದ 8 ಅಂಚಿನಲ್ಲಿದೆ, 24ರ ತನಕ ಸರಿ ಎಂಬುದು ಸಾಮಾನ್ಯ ಲೆಕ್ಕ. ಇನ್ನೊಂದು ವಿಧಾನದಲ್ಲಿ ಎಲ್ಲಕ್ಕಿಂತ ಆಳವಾದ ಒಂದೇ ಜಾಗವನ್ನು ನೋಡುತ್ತಾರೆ, ಅದು 2 ಸೆಂಟಿಮೀಟರ್ ಆದರೂ ಇರಬೇಕು. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಎಎಫ್‌ಐ ಬಳಸಿದಾಗ ‘ನೀರು ಕಮ್ಮಿ’ ಎಂಬ ಹಣೆಪಟ್ಟಿ ಹೆಚ್ಚು ಜನರಿಗೆ ಬಿತ್ತು, ನೋವು ಬರಿಸಿದ ಹೆರಿಗೆಗಳೂ ಹೆಚ್ಚಾದವು. ಮಗುವಿಗೆ ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಳೆಯುವವರು, ಮಗು ಮಲಗಿದ ರೀತಿ ಬದಲಾದರೂ ಅಂಕಿ ಅಷ್ಟಿಷ್ಟು ಬದಲಾಗುತ್ತದೆ. ಹೋದ ವಾರ 9 ಇತ್ತು, ಈಗ 8 ಆಯ್ತು ಅಂತ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಹಾಗಾದರೆ ಡಾಕ್ಟರ ಹತ್ತಿರ ಏನು ಕೇಳಬೇಕು? ಕಾರಣ ಏನಿರಬಹುದು, ಮಗುವಿನ ಬೆಳವಣಿಗೆ ಮತ್ತು ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಹೇಗಿದೆ, ಈಗ ಎಷ್ಟನೇ ವಾರ. ಈ ಮೂರರಲ್ಲಿ ವಾರದ ಲೆಕ್ಕ ತುಂಬಾ ಮುಖ್ಯ. ಐದನೇ ತಿಂಗಳಲ್ಲೇ ನೀರು ತೀರಾ ಇಳಿದರೆ ಶ್ವಾಸಕೋಶ ಬೆಳೆಯದೆ ಗಂಭೀರವಾಗುತ್ತದೆ. ಅದೇ ಒಂಬತ್ತನೇ ತಿಂಗಳಲ್ಲಾದರೆ ಸಾಮಾನ್ಯವಾಗಿ ಮಗು ಚೆನ್ನಾಗಿಯೇ ಇರುತ್ತದೆ, ಹೆರಿಗೆ ಯಾವಾಗ ಅನ್ನುವುದಷ್ಟೇ ಪ್ರಶ್ನೆ.

ನೀರು ಕುಡಿಯುವುದು ಪೂರ್ತಿ ವ್ಯರ್ಥ ಅಂತಲ್ಲ. ಬೇಸಿಗೆಯಲ್ಲಿ ಬಳಲಿದವರಿಗೆ, ವಾಂತಿ ಭೇದಿಯಾದವರಿಗೆ ಅದು ಕೆಲಸ ಮಾಡುತ್ತದೆ. ಒಟ್ಟಿಗೆ ಎರಡು ಲೀಟರ್ ಕುಡಿದವರ ಎಎಫ್‌ಐ ಕೆಲವೇ ಗಂಟೆಗಳಲ್ಲಿ ಏರಿದ್ದನ್ನು ಅಧ್ಯಯನಗಳು ಕಂಡಿವೆ. ಅದರಿಂದ ಮಗುವಿಗೆ ಒಳ್ಳೆಯದಾಯಿತೇ ಅನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಹೃದಯ, ಕಿಡ್ನಿ ತೊಂದರೆ ಇರುವವರು, ಬಿಪಿ ಏರಿದವರು ಕೇಳದೆ ಲೀಟರುಗಟ್ಟಲೆ ಕುಡಿಯಬಾರದು. ನೀರು ಹೆಚ್ಚಲಿ ಅಂತ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಆರ್ಜಿನಿನ್ ಎಂಬ ಅಮೈನೋ ಆಮ್ಲದ ಪುಡಿಗೂ ಪುರಾವೆ ಅಷ್ಟಕ್ಕಷ್ಟೆ.

ಮನೆಯಲ್ಲಿ ಗಮನಿಸಬೇಕಾದದ್ದು ಎರಡೇ. ಮಗುವಿನ ಓಡಾಟ ಕಮ್ಮಿಯಾದರೆ ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಬಟ್ಟೆ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಪ್ಯಾಡ್ ಇಟ್ಟು ನೋಡಿ. ಮೂತ್ರದ ವಾಸನೆಯಿಲ್ಲದ ತಿಳಿನೀರು ಕಂಡರೆ ಚೀಲ ಒಡೆದಿರಬಹುದು, ತಡ ಮಾಡಿದರೆ ಸೋಂಕು ತಗಲಬಹುದು. ರಾತ್ರಿಯಾಗಿದ್ದರೆ 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಜೊತೆಗಿರಲಿ.

ನೀರು ಕಮ್ಮಿ ಅಂದ ಮಾತ್ರಕ್ಕೆ ಸಿಸೇರಿಯನ್ನೇ ಆಗಬೇಕೆಂದೇನಿಲ್ಲ. ಬೇರೇನೂ ತೊಂದರೆ ಇಲ್ಲದಿದ್ದರೆ 36, 37ನೇ ವಾರದ ಹೊತ್ತಿಗೆ ನೋವು ಬರಿಸಿ ಹೆರಿಗೆ ಮಾಡಿಸುವ ಯೋಚನೆ ಮಾಡುತ್ತಾರೆ. ಅದಕ್ಕಿಂತ ತುಂಬಾ ಮುಂಚೆ ಹೆರಿಗೆ ಮಾಡಿಸಬೇಕಾಗಿ ಬಂದರೆ ಮಗುವಿನ ಶ್ವಾಸಕೋಶಕ್ಕೆಂದು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಹೆರಿಗೆ ನೋವಿನ ಹೊತ್ತಲ್ಲಿ ಬಳ್ಳಿ ಒತ್ತಿ ಮಗುವಿನ ಎದೆಬಡಿತ ಇಳಿಯಬಹುದು. ಅದಕ್ಕೇ ಮಾನಿಟರ್ ಹಾಕಿ ಕಾಯುತ್ತಾರೆ, ಬಡಿತ ಸರಿಯಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ.