ರಾತ್ರಿ ಎರಡಕ್ಕೆ ವಾರ್ಡ್‌ನಲ್ಲಿ ಎಷ್ಟು ಜನ? 1:3 ಲೆಕ್ಕದ ಟಿಪ್ಪಣಿ

ನಮ್ಮ ನರ್ಸಿಂಗ್ ಪರೀಕ್ಷೆಯ ಪೇಪರಿನಲ್ಲಿ ಸ್ಟಾಫಿಂಗ್ (ಎಷ್ಟು ಬೆಡ್‌ಗೆ ಎಷ್ಟು ಸಿಸ್ಟರ್ ಬೇಕು ಅನ್ನುವ ಲೆಕ್ಕ) ಒಂದು ಪಾಠ, ಲೈಂಗಿಕ ಕಿರುಕುಳ ತಡೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಉರು ಹೊಡೆದಿದ್ದೆ. ನಿನ್ನೆ ಮುಂಬೈನ ಪರೇಲ್ ಹಾಸ್ಟೆಲ್‌ನಲ್ಲಿ ಲೆಕ್ಕ ಹಾಕುತ್ತಾ ಕೂತಾಗ ಒಂದು ಇನ್ನೊಂದರೊಳಗೇ ಇದೆ ಅಂತ ಗೊತ್ತಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಕಾನೂನು ಬೇಗ ಮುಗಿಸುತ್ತೇನೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರ ಸುಪ್ರೀಂ ಕೋರ್ಟ್‌ನ ವಿಶಾಖಾ ತೀರ್ಪು, ಆಮೇಲೆ 2013ರ ಕಾಯ್ದೆ. 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ, ದೂರು ಕೊಡಲು 3 ತಿಂಗಳು, ವಿಚಾರಣೆ ಮುಗಿಸಲು 90 ದಿನ. ಒಂದು ಮಾತ್ರ ಗಟ್ಟಿ ಮಾಡಿಕೊಳ್ಳಿ: ದೂರು ಕೊಡುವವಳು ಅಲ್ಲಿ ನೌಕರಿ ಮಾಡುತ್ತಿರಬೇಕು ಅಂತಿಲ್ಲ. ಪೇಷಂಟ್ ಕೂಡ ಕೊಡಬಹುದು.

ಇದೆಲ್ಲ ಕಿರುಕುಳ ಆದಮೇಲಿನ ಕಥೆ. ಆಗುವ ಮುಂಚೆ ತಡೆಯುವುದು ಡ್ಯೂಟಿ ಚಾರ್ಟ್. ನಾನು ಎಡವಿದ್ದೂ ಅಲ್ಲೇ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನದಂಡ ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡ್‌ಗೆ 1:3 ಅನ್ನುತ್ತದೆ, ಅದರ ಮೇಲೆ ರಜೆಗೆ ಅಂತ 30%. ಯಾವ ಹೊತ್ತಿಗೆ ನೋಡಿದರೂ 3 ಪೇಷಂಟ್‌ಗೆ ಒಬ್ಬ ಸಿಸ್ಟರ್ ಅಂದುಕೊಂಡಿದ್ದೆ. ಅಲ್ಲ! ಅದು ಮೂರೂ ಶಿಫ್ಟ್ ಸೇರಿಸಿ. ಒಂದು ಶಿಫ್ಟ್‌ಗೆ 1:9.

30 ಬೆಡ್ ತಗೊಳ್ಳಿ. ದಿನಕ್ಕೆ 10 ಜನ ಡ್ಯೂಟಿಯಲ್ಲಿ ಇರಬೇಕು. ಬೆಳಿಗ್ಗೆ ರೌಂಡ್ಸ್, ಇಂಜೆಕ್ಷನ್, ಡ್ರೆಸಿಂಗ್ ಇರುವುದರಿಂದ ಸಮ ಹಂಚುವುದಿಲ್ಲ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ 5-3-2 ಅಂತ ಇಟ್ಟುಕೊಳ್ಳಿ. ಆ 10 ಜನ ದಿನಾ ಸಿಗಬೇಕಾದರೆ ಹಾಜರಿ ಪುಸ್ತಕದಲ್ಲಿ 13 ಹೆಸರು ಬೇಕು. ಯಾಕೆ? 365ರಲ್ಲಿ ವಾರದ ರಜೆ 52 ಕಳೆಯಿರಿ, ಬೇರೆ ರಜೆ ಸುಮಾರು 30 ಕಳೆಯಿರಿ, 283 ಉಳಿಯಿತು. 10×365÷283 ಅಂದರೆ ಹತ್ತಿರ ಹತ್ತಿರ 13. ನಾನು ಉಲ್ಟಾ 13ರಲ್ಲಿ 30% ಕಳೆದು 9.1 ಬಂತಲ್ಲ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. 30% ಲೆಕ್ಕ 10ರ ಮೇಲೆ, 13ರ ಮೇಲಲ್ಲ.

ಈಗ ಆ 13ರಲ್ಲಿ 3 ಹುದ್ದೆ ಖಾಲಿ ಇವೆ ಅನ್ನಿ. 10×283÷365, ದಿನಕ್ಕೆ 8 ಜನವೂ ತುಂಬುವುದಿಲ್ಲ. ಬೆಳಗಿನ 5 ಯಾರೂ ಮುಟ್ಟುವುದಿಲ್ಲ. ಉಳಿದದ್ದು 2-1. ಹಾಜರಿ ಪುಸ್ತಕದಲ್ಲಿ ಇನ್ನೂ 1:3 ಇದೆ ನೋಡಿ, 30ಕ್ಕೆ 10! ರಾತ್ರಿ ಮಾತ್ರ 1:30.

ಆ ಒಬ್ಬರ ಪಾಡು ಧಾರವಾಡ ಕಡೆಯ ಸೀನಿಯರ್ ಅಕ್ಕ ಹೇಳಿದ್ದರು. ರಾತ್ರಿ ಎರಡು ಗಂಟೆ. ಮಾವಶಿ (ವಾರ್ಡ್‌ನ ಆಯಾ) ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬ್‌ಗೆ ಹೋಗಿದ್ದಾಳೆ. ಪೇಷಂಟ್ ಕಡೆಯವನೊಬ್ಬ ಔಷಧಿ ರೂಮಿನ ಬಾಗಿಲಿಗೆ ಅಡ್ಡ ನಿಂತು ಫೋನ್ ನಂಬರ್ ಕೇಳುತ್ತಿದ್ದಾನೆ. ಅಕ್ಕ ಡ್ರೆಸಿಂಗ್ ಟ್ರಾಲಿ ಎಳೆದು ನಡುವೆ ಇಟ್ಟುಕೊಂಡರಂತೆ, ಮಾವಶಿ ಬರುವವರೆಗೂ. ಆಗಲೇ ಹೋಗಿ ಯಾರಿಗಾದರೂ ಹೇಳಬೇಕಿತ್ತು ಅಲ್ವಾ ಅಂದೆ. “ವಾರ್ಡ್ ಬಿಟ್ಟು ಹ್ಯಾಂಗ ಹೋಗ್ಲಿ? 28 ಪೇಷಂಟ್ ಇದ್ರು” ಅಂದರು.

ಪೇಷಂಟ್‌ಗೂ ಇದೇ ತೊಂದರೆ. ಗಂಡಸು ಡಾಕ್ಟರ್ ಹೆಂಗಸನ್ನು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿಯಲ್ಲಿದೆ. ಇರುವ ಒಬ್ಬ ಸಿಸ್ಟರ್ 22ನೇ ಬೆಡ್‌ನಲ್ಲಿ ಡ್ರಿಪ್ ಹಾಕುತ್ತಿದ್ದರೆ, 3ನೇ ಬೆಡ್‌ನ ಪರದೆಯೊಳಗೆ ನಿಲ್ಲುವವರು ಯಾರು?

ಲೆಕ್ಕಕ್ಕೆ ಸಿಗದ ಜಾಗವೂ ಇದೆ. ನಮ್ಮ ಹೊನ್ನಾವರ ತಾಲೂಕು ಹಳದೀಪುರದ ನರ್ಸ್ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಮುಂಬೈನ ಕೆಇಎಂ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಲ್ಲಿನ ಸ್ವೀಪರ್ ಒಬ್ಬ ಲೈಂಗಿಕ ಹಲ್ಲೆ ಮಾಡಿದ. ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋಗಿದ್ದರು. ಒಬ್ಬರೇ. ಬೆಡ್ ಎಣಿಸುವ ಯಾವ 1:3ರಲ್ಲೂ ಆ ನೆಲಮಾಳಿಗೆ ಬರುವುದಿಲ್ಲ. ಅದಕ್ಕೇ ಉತ್ತರದಲ್ಲಿ ಬಟ್ಟೆ ಬದಲಿಸುವ ರೂಮು, ಲ್ಯಾಬ್ ದಾರಿ, ಶಿಫ್ಟ್ ಬದಲಾಗುವ ಹೊತ್ತು, ಇವನ್ನೂ ಬರೆಯುತ್ತೇನೆ.

ಐಸಿಯುಗೆ 1:1, ಅಂದರೆ ಶಿಫ್ಟ್‌ಗೆ 1:3. 12 ಬೆಡ್‌ಗೆ ನೀವೇ ಹಾಕಿ ನೋಡಿ. ನನಗೆ 30% ಸೇರಿಸಿ ಒಟ್ಟು 16 ಬಂತು, ಡ್ಯೂಟಿಯ 12 ಜನರನ್ನು ಸಮ ಹಂಚಿದರೆ ರಾತ್ರಿಗೆ 4.